ಕೂಸಿಲ್ಲದ ಕುಲಾವಿ

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್, ಕೋರಮಂಗಲದ ಕಡೆ ಮಕ್ಕಳಿಗೆ ಆ್ಯಪಿನಲ್ಲಿ ಪಾಠ ಹೇಳುವ ಕಂಪನಿಗಳಲ್ಲಿ ‘ಚೀಫ್ ಆಫ್ ಸ್ಟಾಫ್’ ಅಂತೊಂದು ಹುದ್ದೆ ಇದೆ. ಹೆಸರು ಕೇಳಿದರೆ ಸೇನಾಪತಿ. ಕೈಕೆಳಗೆ ಸ್ಟಾಫ್ ಎಂಬವರು ಯಾರೂ ಇಲ್ಲ. ಸಂಸ್ಥಾಪಕರ ಕ್ಯಾಲೆಂಡರ್, ಸಂಸ್ಥಾಪಕರ ಸಿಟ್ಟು, ಭಾನುವಾರ ರಾತ್ರಿ ಹನ್ನೊಂದಕ್ಕೆ ಅವರು ಕಳಿಸುವ ನಾಲ್ಕು ನಿಮಿಷದ ವಾಯ್ಸ್ ಮೆಸೇಜು, ಇವಿಷ್ಟರ ಉಸ್ತುವಾರಿ. ಅಮಲ್ದಾರರ ಪಕ್ಕ ಕಡತ ಹಿಡಿದು ನಿಲ್ಲುತ್ತಿದ್ದ ಶಿರಸ್ತೇದಾರರ ಕೆಲಸವೇ. ಪೇಟ ಹೋಗಿ ಟೋಪಿ ಇರುವ ಜಾಕೆಟ್ ಬಂದಿದೆ. ಟೋಪಿ ಯಾರಿಗೆ ಎಂಬುದು ಆಮೇಲಿನ ಮಾತು.

ಈ ಹುದ್ದೆಯ ಕಸುಬುಗಾರಿಕೆ ನೋಡಬೇಕಾದರೆ ಬೋರ್ಡ್ ಮೀಟಿಂಗಿಗೆ ನಾಲ್ಕು ದಿನ ಇರುವಾಗ ನೋಡಬೇಕು. ಪ್ರಶ್ನೆ ಒಂದೇ: ನಮ್ಮಲ್ಲಿ ಎಷ್ಟು ಮಕ್ಕಳು ಕಲಿಯುತ್ತಿದ್ದಾರೆ? ಅಂಗನವಾಡಿ ಟೀಚರ್ ಆದರೆ ತಲೆ ಎಣಿಸಿ ಹೇಳಿಬಿಡುತ್ತಾರೆ. ಇಲ್ಲಿ ಡೌನ್‌ಲೋಡ್ ಮಾಡಿಕೊಂಡವರು 10 ಲಕ್ಷ, ತಿಂಗಳಲ್ಲಿ ಒಮ್ಮೆ ತೆರೆದವರು 2 ಲಕ್ಷ, ಒಂದು ಪಾಠ ಮುಗಿಸಿದವರು 40 ಸಾವಿರ, ನಾಲ್ಕು ವಾರ ಬಿಡದೆ ಬಂದವರು 6 ಸಾವಿರ ಅಂದುಕೊಳ್ಳಿ. ಕಲಿಯುತ್ತಿರುವವರು ಆ ಕೊನೆಯ 6 ಸಾವಿರ. ಅದನ್ನೇ ಸ್ಲೈಡಿಗೆ ಹಾಕುವವರು ಮುಂದಿನ ಮೀಟಿಂಗಿಗೆ ಇರುವುದಿಲ್ಲ. ಆದ್ದರಿಂದ ಆ್ಯಪ್ ತೆರೆದವರೆಲ್ಲ ‘ಸಕ್ರಿಯ ಕಲಿಕಾರ್ಥಿ’ ಎಂಬ ವ್ಯಾಖ್ಯಾನ ಹುಟ್ಟುತ್ತದೆ. ಅದನ್ನು ಸ್ಲೈಡಿನ ಬುಡದಲ್ಲಿ, 8 ಪಾಯಿಂಟಿನ ತಿಳಿಬೂದು ಅಕ್ಷರದಲ್ಲಿ ಕೂರಿಸಬೇಕು. ಕಂಬನಕ್ಷೆಯ ಲಂಬ ಅಕ್ಷ ಸೊನ್ನೆಯಿಂದ ಬೇಡ, 1.8 ಲಕ್ಷದಿಂದ ಶುರುವಾಗಲಿ; ಕಳೆದ ಸಲದ 1.85 ಲಕ್ಷ ಮೋಟುಗೋಡೆ, ಈ ಸಲದ 2 ಲಕ್ಷ ನಂದಿಬೆಟ್ಟ.

ಈ 2 ಲಕ್ಷದಲ್ಲಿ ಯಾರ್‍ಯಾರಿದ್ದಾರೆ? ಸಂಜೆ ಏಳಕ್ಕೆ ಅಳುಮೋರೆಯ ಗೊಂಬೆಯ ನೋಟಿಫಿಕೇಶನ್ ಬಂದಾಗ ಬೆರಳು ತಾಗಿಸಿದ ಅಜ್ಜಿ ಇದ್ದಾರೆ. ಅಕ್ಕನ ಟ್ಯಾಬ್ ನೆಕ್ಕಿದ ಎರಡು ವರ್ಷದ ತಮ್ಮ ಇದ್ದಾನೆ. ಎಲ್ಲರಿಗಿಂತ ಸಕ್ರಿಯ ಕಲಿಕಾರ್ಥಿ ಎಂದರೆ ದಿನಕ್ಕೆ ಮೂರು ಸಲ ಆ್ಯಪ್ ತೆರೆದು, ಪ್ರತಿ ಪುಟ ಜಾಲಾಡಿ, ಸರಾಸರಿ ಹನ್ನೆರಡು ನಿಮಿಷ ಕೂರುವವರು. ಅವರು ಕ್ಯಾನ್ಸಲ್ ಬಟನ್ ಹುಡುಕುತ್ತಿರುವ ಅಪ್ಪ.

ಬಟನ್ ಸಿಕ್ಕರೂ ಅಪ್ಪನಿಗೆ ಬಿಡುಗಡೆ ಇಲ್ಲ. ಮೂರು ವರ್ಷದ ಕೋರ್ಸಿಗೆ 36 ಸಾವಿರ ಎಂದಾಗ ಅವರು ಕೋರ್ಸ್ ಕೊಂಡದ್ದಲ್ಲ, ಫೈನಾನ್ಸ್ ಕಂಪನಿಯಿಂದ ಸಾಲ ತೆಗೆದುಕೊಂಡದ್ದು. ಕೋರ್ಸ್ ನಿಂತರೂ ತಿಂಗಳಿಗೆ 1,500ರಂತೆ 24 ಕಂತು ಓಡುತ್ತಲೇ ಇರುತ್ತದೆ. ಫೈನಾನ್ಸಿನವರು ಕಂಪನಿಯನ್ನು ಕೇಳಿ ಅನ್ನುತ್ತಾರೆ, ಕಂಪನಿಯವರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ‘ನಿಮ್ಮ ಕಳಕಳಿ ನಮಗೆ ಅಮೂಲ್ಯ’ ಎಂದು ಮೇಲ್ ಬರೆಯುತ್ತಾರೆ. ಆ ಮೇಲಿನ ಕರಡೂ ಚೀಫ್ ಆಫ್ ಸ್ಟಾಫರದ್ದೇ.

ಇತ್ತ ಆ 36 ಸಾವಿರ ಒಂದೇ ಏಟಿಗೆ ಖಾತೆಗೆ ಬಿದ್ದಿರುತ್ತದೆ. ಪಾಠ ಹೇಳಿದಷ್ಟಕ್ಕೆ, ಅಂದರೆ ತಿಂಗಳಿಗೆ 1,000ದಂತೆ ಆದಾಯ ಬರೆದುಕೊಳ್ಳಿ ಎನ್ನುವುದು ಲೆಕ್ಕಶಾಸ್ತ್ರ. ಪೂರ್ತಿ ಈಗಲೇ ಬರೆದುಕೊಳ್ಳೋಣ ಎನ್ನುವುದು ಆಸೆ. ಕೋರ್ಸಿನ ಆದಾಯವನ್ನು ಯಾವ ವರ್ಷಕ್ಕೆ ಬರೆಯಬೇಕೆಂಬ ಲೆಕ್ಕ ಬದಲಾದ ಮೇಲೆ ಬೈಜೂಸ್ ಎಂಬ ಪಾಠದ ಆ್ಯಪ್ ಕಂಪನಿಯ 2020-21ರ ಲೆಕ್ಕಪತ್ರ ಹೊರಬಂದದ್ದು 2022ರ ಸೆಪ್ಟೆಂಬರಿನಲ್ಲಿ, 4,500 ಕೋಟಿಗೂ ಮೀರಿದ ನಷ್ಟದೊಂದಿಗೆ. ಆ ವರ್ಷವೇ ಅದರ ಬೆಲೆ 22 ಶತಕೋಟಿ ಡಾಲರ್ ಎಂದು ಕಟ್ಟಿದ್ದರು. 2024ರ ಜುಲೈನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಯ ಬಾಗಿಲಿಗೆ ಬಂತು. ಮಕ್ಕಳಿಗೆ ಕಲಿಸುತ್ತಿದ್ದದ್ದು ಮುಖ್ಯವಾಗಿ ಗಣಿತ, ವಿಜ್ಞಾನ.

ಈ ಉದ್ಯಮ ಕಂಡ ಆದರ್ಶ ವಿದ್ಯಾರ್ಥಿ ಎಂದರೆ ವುಲ್ಫ್ ಗುಪ್ತ. 2020ರಲ್ಲಿ ವೈಟ್‌ಹ್ಯಾಟ್ ಜೂನಿಯರ್ ಎಂಬ ಆನ್‌ಲೈನ್ ಪಾಠದ ಕಂಪನಿಯ ಜಾಹೀರಾತುಗಳಲ್ಲಿ ಕೋಡಿಂಗ್ ಕಲಿತು ಕೋಟಿಗಟ್ಟಲೆ ಸಂಬಳ ಹೊಡೆದ ಹುಡುಗ. ಒಂದೊಂದು ಜಾಹೀರಾತಿನಲ್ಲಿ ಒಂದೊಂದು ವಯಸ್ಸು, ಒಂದೊಂದು ಸಂಬಳ. ಕೊನೆಗೆ ನೋಡಿದರೆ ಅಂಥ ಹುಡುಗನೇ ಇಲ್ಲ. ಇಲ್ಲದ ಹುಡುಗ ರೀಫಂಡ್ ಕೇಳುವುದಿಲ್ಲ, ಅವನ ಅಪ್ಪ ಬಟನ್ ಹುಡುಕುವುದಿಲ್ಲ.

ಇನ್ನು ಕಾನೂನು. 2023ರ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು; ಹೆತ್ತವರ ಒಪ್ಪಿಗೆಯನ್ನು ಖಾತ್ರಿ ಮಾಡಿಕೊಳ್ಳಬೇಕು, ತಪ್ಪಿದರೆ ದಂಡ 200 ಕೋಟಿವರೆಗೆ. ಶಿಕ್ಷಣ ಸಂಸ್ಥೆಗಳಿಗೆ ಕೊಂಚ ವಿನಾಯಿತಿ ಇದೆ ಎಂದು ತಿಳಿದ ದಿನ ಕಂಪನಿ ಶಾಲೆಯಾಗುತ್ತದೆ. ಶಾಲೆಗೆ ಆಟದ ಮೈದಾನ ಎಲ್ಲಿ ಎಂದು ಕೇಳಿದ ದಿನ ಸ್ಟಾರ್ಟಪ್ ಆಗುತ್ತದೆ. ಮೇಷ್ಟ್ರುಗಳು ಪಿಎಫ್ ಕೇಳಿದಾಗ ಬರೀ ‘ವೇದಿಕೆ’.

ಅಂದಹಾಗೆ, ಸಂಸ್ಥಾಪಕರು ತಿಂಗಳಿಗೊಬ್ಬ ಗ್ರಾಹಕರನ್ನು ಮುಖತಃ ಭೇಟಿ ಮಾಡಬೇಕು ಎಂಬ ಗುರಿಯೂ ಶೀಟಿನಲ್ಲಿ ಇರುತ್ತದೆ. ಮೀಟಿಂಗಿನ ಹಿಂದಿನ ಸಂಜೆವರೆಗೂ ಗುರಿ ಮುಟ್ಟದೆ ಆ ಚೌಕ ಕೆಂಪಗೇ ಇರುತ್ತದೆ. ಅಷ್ಟರಲ್ಲಿ ಹಾಸನದಿಂದ ಬಸ್ಸು ಹತ್ತಿ ಬಂದ ಅಪ್ಪನೊಬ್ಬ, ಕೈಯಲ್ಲಿ ಬ್ಯಾಂಕ್ ಪಾಸ್‌ಬುಕ್ ಹಿಡಿದು ಸೆಕ್ಯುರಿಟಿ ಜೊತೆ ಜಗಳಕ್ಕೆ ನಿಂತಿರುತ್ತಾನೆ. ಲಿಫ್ಟಿನಿಂದ ಇಳಿದ ಸಂಸ್ಥಾಪಕರು ಕಾರಿನತ್ತ ಓಡುವಾಗ ಇಬ್ಬರ ಕಣ್ಣೂ ಕಲೆಯುತ್ತದೆ.

ಚೌಕ ಹಸಿರಾಗುತ್ತದೆ.