ಒಂದಿಲ್ಲದ ಟೈಪ್‌ರೈಟರ್

ಗುಜರಿ ಅಂಗಡಿಯವನು ಟೈಪ್‌ರೈಟರನ್ನು ತಕ್ಕಡಿಗೆ ಹಾಕಿ, "14 ಕೆಜಿ ಸಾರ್" ಅಂದ. ಪಕ್ಕದಲ್ಲಿ ಒಡೆದ ಫ್ಯಾನು, ಸೈಕಲ್ಲಿನ ರಿಮ್ಮು, ತೂತು ಬಿದ್ದ ಹಂಡೆ. ಎಲ್ಲದಕ್ಕೂ ಕೆಜಿ ಲೆಕ್ಕವೇ. ನನಗೆ ಮಾತ್ರ ಚಿನ್ನ ಕೊಂಡಷ್ಟು ಖುಷಿ. ಮನೆಯಲ್ಲಿ ಆಗಲೇ ಎರಡಿದ್ದವು. ಒಂದಕ್ಕೆ ರಿಬ್ಬನ್ ಇರಲಿಲ್ಲ, ಇನ್ನೊಂದಕ್ಕೆ ರಿಬ್ಬನ್ ಬಿಟ್ಟು ಬೇರೇನೂ ಇರಲಿಲ್ಲ.

ಸ್ಕೂಟರಿನಲ್ಲಿ ಕಾಲ ಹತ್ತಿರ ಅಡ್ಡ ಇಟ್ಟುಕೊಂಡು ಹೊರಟೆ. ಒಳಗಿನ ದಾರ ಕಡಿದು, ಕಾಗದ ಹೊತ್ತು ಆಚೀಚೆ ಓಡುವ ಮೇಲಿನ ಕ್ಯಾರೇಜ್ ಹಿಡಿತ ತಪ್ಪಿತ್ತು. ಬ್ರೇಕ್ ಹಾಕಿದರೆ ಸರ್ರನೆ ಮುಂದೆ ಜಾರಿ "ಟಿಣ್" ಅನ್ನುವುದು, ಗಾಡಿ ಹೊರಟರೆ ವಾಪಸ್ ಬರುವುದು. ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಿ ಮುಂದೆ ನಡೆಯುತ್ತಿದ್ದ ಹಿರಿಯರೊಬ್ಬರು ಸೈಕಲ್ ಬಂತೆಂದು ಬದಿಗೆ ಸರಿದರು. ತಿರುಗಿ ನೋಡಿದವರ ಮುಖದಲ್ಲಿ ನಂಬಿಕೆದ್ರೋಹ ಆದವರ ಕಳೆ ಇತ್ತು.

ಮನೆಯಲ್ಲಿ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು. "ರೀ, ಇದರಲ್ಲಿ ಏನು ಬರೀತೀರಿ?"

ಈ ಹುಚ್ಚಿನವರಿಗೆ ಈ ಪ್ರಶ್ನೆ ಕೇಳಬಾರದು. ಅಂಚೆಚೀಟಿ ಕೂಡಿಡುವವರನ್ನು ಯಾರಿಗೆ ಕಾಗದ ಬರೀತೀರಿ ಅಂತ ಕೇಳುತ್ತಾರಾ?

ಹಳೇ ನ್ಯೂಸ್‌ಪೇಪರ್ ಹಾಸಿ ಮಷೀನಿನ ಹೊಟ್ಟೆ ಬಿಚ್ಚಿದೆ. ಅಕ್ಷರದ ಕಡ್ಡಿಗಳು ಕಮಾನಿನಂತೆ ಸಾಲಾಗಿ ಮಲಗಿರುತ್ತವಲ್ಲ, ಆ ಸಂದಿಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಹೆಬ್ಬೆರಳಿನಷ್ಟು ಉದ್ದ, ಹೊರಗೆ ನುಣ್ಣಗೆ ಮೆತ್ತಿದ ಕೆಮ್ಮಣ್ಣು. ಸ್ಕ್ರೂಡ್ರೈವರಿನಲ್ಲಿ ಕೆದಕಿದರೆ ಒಳಗೆ ಮರಿಗೆಂದು ಕೂಡಿಟ್ಟ ಒಣ ಜೇಡಗಳು, ಕಾಲು ಮಡಚಿಕೊಂಡು, ಬುತ್ತಿ ಕಟ್ಟಿದ ಹಾಗೆ. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಆ ಮಷೀನಿನಲ್ಲಿ ಅದಕ್ಕಿಂತ ಗಟ್ಟಿಯಾದ ಭಾಗ ಇನ್ನೊಂದಿರಲಿಲ್ಲ.

ಕಡಿದ ದಾರದ ಬದಲು ಗಾಳದ ದಾರ ಕಟ್ಟಿದೆ. ಕ್ಯಾರೇಜನ್ನು ಎಳೆಯುವ ಸ್ಪ್ರಿಂಗಿಗೆ ಅದು ಚೆನ್ನಾಗಿ ಒಗ್ಗಿತು. ಆಮೇಲೆ ಕೀಲಿಗಳನ್ನು ಒಂದೊಂದಾಗಿ ಒರೆಸುತ್ತಾ ಹೋದೆ. 2, 3, 4... 1 ಎಲ್ಲಿ? ಮೇಲಿನ ಸಾಲಿನಲ್ಲಿ 1 ಇಲ್ಲವೇ ಇಲ್ಲ. ಸ್ಕೂಟರಿನಿಂದ ಬಿತ್ತಾ? ಸೋಫಾ ಕೆಳಗೆ, ಡಿಕ್ಕಿಯೊಳಗೆ, ಕಣಜದ ಗೂಡಿನ ಪುಡಿಯಲ್ಲಿ ಹುಡುಕಿದೆ. ಮಗನ ಸ್ಕೂಲ್ ಬ್ಯಾಗನ್ನೂ ಜಾಲಾಡಿದೆ. ಕೊನೆಗೆ ಗುಜರಿ ಅಂಗಡಿಗೆ ಹೋಗಿ, "ಏನಪ್ಪಾ, ಒಂದು ಕಿತ್ಕೊಂಡು ಕೊಟ್ಟಿದ್ದೀಯಲ್ಲ" ಎಂದು ಜಗಳಕ್ಕೇ ನಿಂತೆ. ಅವನು ಶಾಂತವಾಗಿ, "ಒಂದಲ್ವಾ ಸಾರ್, ಬಿಡಿ" ಅಂದ.

ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಮೇಷ್ಟ್ರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರಿಗೆ ತೋರಿಸಿದೆ. ಅವರು ನಕ್ಕ ನಗೆಗೆ ಕೈಯಲ್ಲಿದ್ದ ಕಾಫಿ ಚೆಲ್ಲಿತು. "ಎಂತ ಮಾರಾಯ್ರೆ, ಹಳೇ ಮಷೀನುಗಳಲ್ಲಿ ಎಷ್ಟೋ ಕಡೆ ಒಂದು ಇರೋದೇ ಇಲ್ಲ! ಚಿಕ್ಕ ಎಲ್ ಒತ್ತಿ, ಅದೇ ಒಂದು." 1874ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ ಮಾರಾಟಕ್ಕೆ ತಂದ ಟೈಪ್‌ರೈಟರಿನಲ್ಲಿ 1ರ ಜೊತೆ ಸೊನ್ನೆಯೂ ಇರಲಿಲ್ಲವಂತೆ. ಅದರಲ್ಲಿ ಇದ್ದದ್ದು ದೊಡ್ಡ ಅಕ್ಷರ ಮಾತ್ರ, ಹಾಗಾಗಿ ಐ ಮತ್ತು ಓ ಎರಡೂ ಅಂಕಿಗಳ ಕೆಲಸವನ್ನೂ ಮಾಡುತ್ತಿದ್ದವು. ನನ್ನ ಮಷೀನಿನಲ್ಲಿ ಆಶ್ಚರ್ಯಸೂಚಕವೂ ಬೇಕಾದರೆ ಕಟ್ಟಿಕೊಳ್ಳಬೇಕು. ಮೇಲೊಂದು ಅಪಾಸ್ಟ್ರಫಿ ಕೊಂಬು ಹೊಡೆದು, ಒಂದು ಹೆಜ್ಜೆ ಹಿಂದೆ ಬಂದು, ಕೆಳಗೊಂದು ಚುಕ್ಕಿ. ಅಷ್ಟು ಹೊತ್ತಿಗೆ ಆಶ್ಚರ್ಯವೇ ಹೋಗಿರುತ್ತದೆ.

ಹೊರಡುವಾಗ ಮೇಷ್ಟ್ರು ಇನ್ನೂ ಏನೋ ಹೇಳಿದರು, ಎಣ್ಣೆ ಅಂತ ಕೇಳಿಸಿತು. ನಾನು ಒಂದು ಸಿಕ್ಕಿದ ಸಂಭ್ರಮದಲ್ಲಿದ್ದೆ. ಮನೆಗೆ ಬಂದವನೇ ಬಚ್ಚಲಿನಿಂದ ಕೊಬ್ಬರಿ ಎಣ್ಣೆ ತಂದು ಕಡ್ಡಿಗಳ ಬುಡಕ್ಕೆ ಧಾರಾಳವಾಗಿ ಬಿಟ್ಟೆ. ಆಹಾ, ಬೆರಳಿಟ್ಟರೆ ಸಾಕು, ಹಾರುತ್ತಿತ್ತು! ಮೂರು ದಿನ ಊರವರಿಗೆಲ್ಲ ತೋರಿಸಿದೆ.

ಡಿಸೆಂಬರಿನಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿ ಮನೆಗೆ ಹೊತ್ತೊಯ್ದೆ, ಅಮ್ಮನಿಗೂ ತೋರಿಸೋಣ ಅಂತ. ಬೆಳಿಗ್ಗೆ ಎದ್ದು ಒತ್ತಿದರೆ ಎದ್ದ ಕಡ್ಡಿ ಕೂರಲೇ ಇಲ್ಲ. ಒಂದರ ಹಿಂದೆ ಒಂದು ಎದ್ದು, ಅಕ್ಷರಗಳೆಲ್ಲ ಕೈ ಮೇಲೆತ್ತಿ ನಿಂತವು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ ಅನ್ನುವುದು ಮಲೆನಾಡಿನ ಮಕ್ಕಳಿಗೂ ಗೊತ್ತು, ತಲೆಗೆ ಹಚ್ಚುವಾಗ. ಟೈಪ್‌ರೈಟರ್ ಮುಂದೆ ಕೂತಾಗ ನೆನಪಾಗಲಿಲ್ಲ.

ಎಣ್ಣೆ ಬಾಟ್ಲಿಯನ್ನು ಬಿಸಿಲಿಗಿಡುವ ಹಾಗೆ ಮಷೀನನ್ನೂ ಇಟ್ಟೆ. ಅಂಗಳದ ತುಂಬ ಅಡಿಕೆ ಹರಡಿತ್ತು, ಮಧ್ಯೆ ಇದು. ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ತೋಟದವರು ಬೇಲಿಯಾಚೆಯಿಂದಲೇ ಕೂಗಿದರು. "ಎಂತದ್ ಮಾರಾಯ, ಅಡಿಕೆ ಸುಲಿಯೋದಾ?" ಅಮ್ಮ ನನಗಿಂತ ಮೊದಲೇ ಉತ್ತರ ಕೊಟ್ಟಳು. "ಇಲ್ಲ, ಒಣಗೋಕೆ ಹಾಕಿದ್ದು."

ವಾಪಸ್ ಬಂದಮೇಲೆ ಮೇಷ್ಟ್ರು ಬೈದರು. ಕಡ್ಡಿಗಳ ಬುಡಕ್ಕೆ ಎಣ್ಣೆಯನ್ನೇ ಹಾಕಬಾರದು, ಧೂಳು ಅಂಟಿ ಅಂಟಾಗುತ್ತದೆ, ಸ್ಪಿರಿಟ್ ಹಾಕಿ ಬ್ರಷ್ಷಿನಲ್ಲಿ ಉಜ್ಜಬೇಕು ಅಂತಲೇ ಅವತ್ತು ಹೇಳಿದ್ದಂತೆ. ಕ್ಯಾರೇಜ್ ಓಡುವ ಹಳಿಗೆ ಮಾತ್ರ ಮಷೀನ್ ಎಣ್ಣೆ, ಅದೂ ಒಂದು ತೊಟ್ಟು. ಎರಡು ಹಳೇ ಟೂತ್‌ಬ್ರಷ್ ಸವೆದವು. (ಒಂದು ಹಳೆಯದಾಗಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.) ಸ್ಪೇಸ್ ಬಾರ್ ಒಂದು ಒಮ್ಮೊಮ್ಮೆ ಕೈ ಕೊಡುತ್ತಿತ್ತು, ಅಷ್ಟೇ.

ಇನ್ನು ಏನು ಬರೆಯುವುದು ಅನ್ನುವ ಹಳೇ ಪ್ರಶ್ನೆಗೆ ಉತ್ತರ ಕೊಡುವ ಸಮಯ. "ತಿಂಗಳ ದಿನಸಿ ಚೀಟಿ ಹೇಳು" ಅಂದೆ. ಹೆಂಡತಿ ಹೇಳಿದಳು, ನಾನು ಕುಟ್ಟಿದೆ. ಅಕ್ಕಿ, ಬೇಳೆ, ಸಕ್ಕರೆ, ಎಲ್ಲ ಇಂಗ್ಲಿಷಿನಲ್ಲಿ, ಮುತ್ತು ಪೋಣಿಸಿದ ಹಾಗೆ. ಮಗ ಅಂಗಡಿಗೆ ಕೊಟ್ಟು ಬಂದ.

ಸಂಜೆ ಅಂಗಡಿ ಹುಡುಗ ಎರಡು ಸಲ ಮೆಟ್ಟಿಲು ಹತ್ತಿದ. ಎರಡನೇ ಸಲ ಅವನ ತೋಳ ತುಂಬ ಎಣ್ಣೆ ಪ್ಯಾಕೆಟ್ಟು. ಎಣಿಸಿದರೆ ಹನ್ನೊಂದು. "ಒಂದು ಲೀಟರ್ ಹೇಳಿದ್ದಲ್ವಾ?" ಎಂದು ಚೀಟಿ ಕಸಿದುಕೊಂಡು ನೋಡಿದೆ. ಒಂದಕ್ಕೆ ಚಿಕ್ಕ ಎಲ್ ಹೊಡೆದಿದ್ದೆ. ಲೀಟರಿಗೂ ಚಿಕ್ಕ ಎಲ್. ನಡುವೆ ಇರಬೇಕಾದ ಜಾಗವನ್ನು ಸ್ಪೇಸ್ ಬಾರ್ ನುಂಗಿಕೊಂಡಿತ್ತು.

ಹೆಂಡತಿ ಏನೂ ಅನ್ನಲಿಲ್ಲ. ಒಂದು ಪ್ಯಾಕೆಟ್ ಅಡುಗೆಮನೆಗೆ ಒಯ್ದಳು. ಉಳಿದ ಹತ್ತನ್ನು ತಂದು ಟೈಪ್‌ರೈಟರ್ ಪಕ್ಕದಲ್ಲಿ ಸಾಲಾಗಿ ಜೋಡಿಸಿ, "ಇದು ಚಳಿಗೆ ಗಟ್ಟಿಯಾಗಲ್ಲ ಕಣ್ರೀ" ಅಂದಳು.