ಬೂಟು ಬಂದಾವ

ಒಂದು ಕಾಲಕ್ಕೆ ಕ್ಯಾಸೆಟ್ಟುಗಳನ್ನು ಮಾರುತ್ತಿದ್ದು, ಈಗ ಮೊಬೈಲಿನ ಕವರು ಮತ್ತು ಚಾರ್ಜರುಗಳ ಮೇಲೆ ಬದುಕುತ್ತಿರುವ ಅಂಗಡಿಯೊಂದು ರಾಯಚೂರಿನ ತೀನ್ ಕಂದೀಲಿನ ಬಳಿ ಇದೆ. ಹಳೆಯ ಸಲುಗೆಯಿಂದ ಅಲ್ಲಿಗೆ ಹೋಗಿ, ‘ಪವರ್ ಪಾಪ್ ರೆಕಾರ್ಡು ಏನರ ಉಳಿದಾವೇನ್ರಿ?’ ಎಂದು ಕೇಳಿದೆ. ಅಂಗಡಿಯವರು ಕ್ಷಣಕಾಲ ಯೋಚಿಸಿ, ‘ಪವರ್ ಬ್ಯಾಂಕ್ ಅದ ನೋಡ್ರಿ ಸರ್, ಪಾಪ್ ಖಾಲಿ ಆಗ್ಯಾದ’ ಎಂದರು. ಎಂದೂ ಬಾರದ ಸರಕನ್ನು ಖಾಲಿಯಾಗಿದೆ ಎನ್ನುವುದು ವ್ಯಾಪಾರದ ಮರ್ಯಾದೆ. ಆ ಮರ್ಯಾದೆಗೆ ಪ್ರತಿಯಾಗಿ ನಾನು ಬೇಡದ ಚಾರ್ಜರೊಂದನ್ನು ಕೊಂಡು ಮನೆಗೆ ಬಂದೆ.

ಪವರ್ ಪಾಪ್ ಎಂಬ ಮಾತನ್ನು 1967ರಲ್ಲಿ ಇಂಗ್ಲೆಂಡಿನ ‘ದಿ ಹೂ’ ರಾಕ್ ತಂಡದ ಪೀಟ್ ಟೌನ್‌ಶೆಂಡ್ ತಮ್ಮ ಸಂಗೀತವನ್ನು ಬಣ್ಣಿಸಲು ಬಳಸಿದರು. ಗಿಟಾರಿನ ಗಡಸು ಪೆಟ್ಟು, ಅದರ ಮೇಲೆ ಬೀಟಲ್ಸರಿಂದ ಕಲಿತ ಇಂಪಾದ ಮಟ್ಟು, ಎರಡು ಮೂರು ಕಂಠಗಳ ಕೂಡುಹಾಡು, ಮೂರು ನಿಮಿಷದ ಆಸುಪಾಸಿನಲ್ಲಿ ಮುಕ್ತಾಯ. ನಮ್ಮ ಮಿರ್ಚಿ ಭಜಿಯಂತೆ ಇದನ್ನೂ ಆರುವ ಮೊದಲೇ ಮುಗಿಸಬೇಕು. ಶಕ್ತಿನಗರದ 1720 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಕೇಂದ್ರದ ನೆರೆಯಲ್ಲೇ ಇದ್ದರೂ, ಓಣಿಯ ಮೂಲೆಯ ಟ್ರಾನ್ಸ್‌ಫಾರ್ಮರಿನ ಮರ್ಜಿಯಲ್ಲಿ ಬದುಕುವ ನನ್ನಂಥವನಿಗೆ ಮೂರು ನಿಮಿಷದ ಹಾಡು ಸಣ್ಣ ಅನುಕೂಲವೇನಲ್ಲ. ಇಪ್ಪತ್ತು ನಿಮಿಷದ ರಾಕ್ ಕೃತಿಗಳನ್ನು ಕರೆಂಟು ಹೋಗದ ಊರಿನವರು ಕೇಳಿಕೊಳ್ಳಲಿ.

ಈ ಸಂಗೀತಕ್ಕೂ ಅಂಗಡಿಗಳಿಗೂ ಮೊದಲಿನಿಂದ ಕೂಡಿಬಂದಿಲ್ಲ. ಅಮೆರಿಕದ ಮೆಂಫಿಸ್ ನಗರದ ‘ಬಿಗ್ ಸ್ಟಾರ್’ ತಂಡವು 1972ರಲ್ಲಿ ತನ್ನ ಮೊದಲ ಆಲ್ಬಮ್ಮಿಗೆ ‘ನಂಬರ್ ಒನ್ ರೆಕಾರ್ಡ್’ ಎಂದೇ ಹೆಸರಿಟ್ಟಿತು. ವಿಮರ್ಶಕರು ಹೊಗಳಿದರು, ರೇಡಿಯೊ ಕೇಳಿದವರು ಅಂಗಡಿಗೆ ಓಡಿದರು, ಆದರೆ ವಿತರಣೆ ಕೆಟ್ಟಿದ್ದರಿಂದ ಅಂಗಡಿಯಲ್ಲಿ ರೆಕಾರ್ಡೇ ಇರಲಿಲ್ಲ. ಆದ್ದರಿಂದ ಪವರ್ ಬ್ಯಾಂಕು ತೋರಿಸಿ ಕಳಿಸಿದ ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಅರಿಯದೆಯೇ ಒಂದು ಪರಂಪರೆಯನ್ನು ಪಾಲಿಸಿದ್ದರು.

ಈಗ ಹೊಸ ಬಿಡುಗಡೆಗಳನ್ನು ಸಣ್ಣ ಸ್ವತಂತ್ರ ಲೇಬಲ್ಲುಗಳು, ಅಂದರೆ ರೆಕಾರ್ಡು ಕಂಪನಿಗಳು, ಮುನ್ನೂರು, ಐನೂರು ಪ್ರತಿಗಳ ಲೆಕ್ಕದಲ್ಲಿ ಅಚ್ಚು ಹಾಕಿಸುತ್ತವೆ. 2020ರಿಂದ ಕೆಲವು ಶುಕ್ರವಾರಗಳಂದು ಬ್ಯಾಂಡ್‌ಕ್ಯಾಂಪ್ ಎಂಬ ಸಂಗೀತ ಮಾರುವ ಜಾಲತಾಣವು ಮಾರಾಟದಲ್ಲಿನ ತನ್ನ ಪಾಲನ್ನು ಬಿಟ್ಟು, ಆ ಹಣವೂ ಕಲಾವಿದರಿಗೂ ಲೇಬಲ್ಲುಗಳಿಗೂ ಸೇರುವಂತೆ ಮಾಡುತ್ತದೆ. ಅಂಥದೊಂದು ಶುಕ್ರವಾರ ಹೊಸ ರೆಕಾರ್ಡೊಂದರ ನೀಲಿ ಬಣ್ಣದ ಪ್ರತಿಗಳು ಮಾರಾಟಕ್ಕೆ ಬರುವುದಿತ್ತು. ನಾನು ಗುರುವಾರ ನಡುರಾತ್ರಿಗೆ ಅಲಾರಾಂ ಇಟ್ಟೆ. ಅಲಾರಾಮಿಗೆ ಮೊದಲು ಎದ್ದವಳು ನನ್ನ ಹೆಂಡತಿ, ಆಮೇಲೆ ಅವ್ವ, ಕೊನೆಗೆ ಪಕ್ಕದ ಮನೆಯ ನಾಯಿ. ನಾಲ್ವರೂ ಎಚ್ಚರವಾಗಿದ್ದು ಕಾದರೂ ರೆಕಾರ್ಡು ಮಾತ್ರ ಬರಲಿಲ್ಲ. ಶುಕ್ರವಾರವು ಕ್ಯಾಲಿಫೋರ್ನಿಯಾದ ಗಡಿಯಾರದ ಪ್ರಕಾರ ಶುರುವಾಗುವುದೆಂದೂ, ಬೇಸಿಗೆಯಲ್ಲಿ ಅಲ್ಲಿನ ನಡುರಾತ್ರಿ ಎಂದರೆ ನಮಗೆ ಮಧ್ಯಾಹ್ನ 12.30 ಎಂದೂ ಬೆಳಗಾದ ಮೇಲೆ ತಿಳಿಯಿತು.

ಮಧ್ಯಾಹ್ನ ಹಣ ಕಟ್ಟಹೋದರೆ ಕಾರ್ಡು ಹಟ ಹಿಡಿಯಿತು: ಅದಕ್ಕೆ ವಿದೇಶಿ ವ್ಯವಹಾರದ ಅನುಮತಿಯೇ ಇರಲಿಲ್ಲವಂತೆ. ಬ್ಯಾಂಕಿಗೆ ಹೋದೆ. ಅಲ್ಲಿನವರು, ‘ಯಾವ ದೇಶಕ್ಕ ಹೊಂಟೀರಿ ಸರ್?’ ಎಂದು ಕೇಳಿದರು. ‘ನಾ ಎಲ್ಲಿಗೂ ಹೋಗಂಗಿಲ್ರಿ, ಅಮೆರಿಕದಿಂದ ಹಾಡು ಬರಬೇಕಾಗ್ಯಾದ’ ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿ, ಅನುಕಂಪದಿಂದಲೇ ಅನುಮತಿ ಕೊಟ್ಟರು. ಅಷ್ಟರಲ್ಲಿ ನೀಲಿ ಪ್ರತಿಗಳು ಮುಗಿದು ಕಪ್ಪು ಮಾತ್ರ ಉಳಿದಿದ್ದವು.

ಸಾಗಣೆ ವೆಚ್ಚವು ರೆಕಾರ್ಡಿನ ಬೆಲೆಗಿಂತ ಹೆಚ್ಚಿತ್ತು. ಒಂದೇ ಡಬ್ಬದಲ್ಲಿ ಎರಡು ತರಿಸಿದರೆ ತಲಾ ಖರ್ಚು ಇಳಿಯುತ್ತದೆ, ಆದ್ದರಿಂದ ಎರಡು ಕೊಳ್ಳುವುದೇ ಉಳಿತಾಯ ಎಂಬುದು ನನ್ನ ಅರ್ಥಶಾಸ್ತ್ರ. (ಒಂದೂ ಕೊಳ್ಳದಿದ್ದರೆ ಇನ್ನೂ ಉಳಿತಾಯ ಎಂಬುದು ಹೆಂಡತಿಯ ಅರ್ಥಶಾಸ್ತ್ರ, ಅದರಲ್ಲಿ ತರ್ಕವಿದ್ದರೂ ಸಂಗೀತವಿಲ್ಲ.) ಎರಡನೆಯದಾಗಿ ಇಲಿನಾಯ್ ರಾಜ್ಯದ ಝಯಾನ್ ಎಂಬ ಸಣ್ಣ ಊರಿನ ‘ಶೂಸ್’ ತಂಡದ ರೆಕಾರ್ಡನ್ನು ಆರಿಸಿದೆ. ಆ ಹುಡುಗರು 1977ರಲ್ಲಿ ಮನೆಯ ಪಡಸಾಲೆಯಲ್ಲೇ ನಾಲ್ಕು ಟ್ರ್ಯಾಕಿನ ಯಂತ್ರವಿಟ್ಟುಕೊಂಡು ಅದನ್ನು ಧ್ವನಿಮುದ್ರಿಸಿದ್ದರು ಎಂಬುದೇ, ಪಡಸಾಲೆಯಿಂದಾಚೆಗೆ ಏನನ್ನೂ ಸಾಧಿಸದ ನನಗೆ ಅವರ ಮೇಲೆ ಅಭಿಮಾನ ಮೂಡಲು ಕಾರಣ. ಆಲ್ಬಮ್ಮಿನ ಹೆಸರು ‘ಬ್ಲ್ಯಾಕ್ ವಿನೈಲ್ ಶೂಸ್’. ಆ ಹೆಸರೇ ಮುಂದೆ ಮುಳುವಾಯಿತು.

ಕಸ್ಟಮ್ಸ್ ಚೀಟಿಯ ‘ಒಳಗಿರುವ ವಸ್ತು’ ಎಂಬ ಜಾಗದಲ್ಲಿ ಅಮೆರಿಕದ ಅಂಗಡಿಯವನು ಪ್ರಾಮಾಣಿಕವಾಗಿ ‘ಶೂಸ್, ಬ್ಲ್ಯಾಕ್ ವಿನೈಲ್ ಶೂಸ್’ ಎಂದು ಬರೆದು ಕೈಬಿಟ್ಟಿದ್ದ. ಮೇ ತಿಂಗಳ ಮಧ್ಯಾಹ್ನ ನಾನು ಕಚೇರಿಯಲ್ಲಿದ್ದಾಗ ಪಾರ್ಸೆಲ್ಲು ತಂದ ಹುಡುಗ ಚೀಟಿ ಓದಿ, ‘ಅಮ್ಮಾರೆ, ಸಾಹೇಬ್ರ ಬೂಟು ಬಂದಾವ’ ಎಂದು ಅವ್ವನ ಕೈಗೆ ಕೊಟ್ಟುಹೋದ. ಪಾದರಕ್ಷೆ ಹೊಸದಾದರೇನು, ಫಾರಿನ್ನಿನದಾದರೇನು, ಹೊಸ್ತಿಲು ದಾಟಿ ಒಳಗೆ ಬರುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಅವ್ವ ಅದನ್ನು ಅಂಗಳದ ಕಬ್ಬಿಣದ ಚಪ್ಪಲಿ ಸ್ಟ್ಯಾಂಡಿನ ಮೇಲೆ ಶಿಸ್ತಾಗಿ ಇಟ್ಟಳು. ರೆಕಾರ್ಡು ಮಾಡುವ ವಿನೈಲು ಎಂಬ ಪ್ಲಾಸ್ಟಿಕ್ಕು 60 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಮೇ ತಿಂಗಳಲ್ಲಿ ನಮ್ಮ ಊರು ನೆರಳಿನಲ್ಲೇ 40 ದಾಟುತ್ತದೆ, ಬಿಸಿಲಿಗೆ ಕಾದ ಕಬ್ಬಿಣದ ಮಾತು ಬೇರೆಯೇ.

ಸಂಜೆ ಬಂದು ಡಬ್ಬ ಬಿಚ್ಚಿದರೆ, ಮೇಲಿದ್ದ ಹೊಸ ರೆಕಾರ್ಡು ಹಂಚಿನಿಂದ ತೆಗೆದು ಬುಟ್ಟಿಯಲ್ಲಿಟ್ಟು ಮರೆತ ಖಡಕ್ ರೊಟ್ಟಿಯಂತೆ ಅಂಚೆತ್ತಿ ಕುಳಿತಿತ್ತು. ಕೆಳಗಿದ್ದ ‘ಬೂಟು’ ಹೇಗೋ ಬಚಾವಾಗಿತ್ತು. ‘ಮೆಟ್ಟು ಅಂದ್ರು, ಹೊರಗಿಟ್ಟೆ. ಪರಾತ ಅಂದಿದ್ರ ಒಳಗ ಇಡ್ತಿದ್ದೆ ತಮ್ಮಾ’ ಎಂದ ಅವ್ವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಡೊಂಕಾದ ರೆಕಾರ್ಡನ್ನು ಎರಡು ಶಾಬಾದ್ ಕಲ್ಲುಗಳ ನಡುವೆ ಇಟ್ಟು, ಮೇಲೆ ಸೋನಾ ಮಸೂರಿಯ 25 ಕಿಲೋ ಚೀಲವನ್ನು ಹೇರಿದೆ. ಆದರೆ ದಿನಕ್ಕೆರಡು ಬಾರಿ ಅನ್ನಕ್ಕೆಂದು ಚೀಲ ಹಗುರಾಗುತ್ತಾ ಬಂತು. ಗೊಣಗಿದ್ದಕ್ಕೆ ಹೆಂಡತಿ, ‘ನಿಮ್ಮ ರೆಕಾರ್ಡು ಸಪಾಟ ಆಗೋತನಕ ನಾವು ಉಪವಾಸ ಇರಬೇಕೇನ್ರಿ?’ ಎಂದಳು. ಮೂರು ವಾರ ನಾನೊಬ್ಬನೇ ಮೂರು ಹೊತ್ತೂ ರೊಟ್ಟಿ ತಿಂದು ಚೀಲದ ತೂಕ ಕಾಪಾಡಲು ಯತ್ನಿಸಿದೆ.

ಕೊನೆಗೊಂದು ಭಾನುವಾರ ಅದನ್ನು ಹೊರತೆಗೆದು ಹಚ್ಚಿದೆ. ಸೂಜಿಯು ಹಳ್ಳದ ದಾರಿಯಲ್ಲಿ ಹೋಗುವ ಬಂಡಿಯಂತೆ ಏರುತ್ತ ಇಳಿಯುತ್ತ ಸಾಗಿದರೂ ಹಾಡು ಹಾಡಾಗಿಯೇ ಕೇಳಿತು. ನಮ್ಮಲ್ಲಿ ಇನ್ವರ್ಟರಿನ ಕರೆಂಟು ಫ್ಯಾನಿಗೆ ಮತ್ತು ಟಿವಿಗೆ ಮೀಸಲು. ಟಿವಿಯ ನೆಂಟಸ್ತನದಿಂದ ಆಂಪ್ಲಿಫೈಯರಿಗೂ ಅದರಲ್ಲಿ ಪಾಲು ಸಿಕ್ಕಿದೆ. ರೆಕಾರ್ಡು ತಿರುಗಿಸುವ ಯಂತ್ರ ಮಾತ್ರ ಕಿಟಕಿಯ ಪಕ್ಕದ ಸಾದಾ ಪ್ಲಗ್ಗಿನಲ್ಲಿದೆ. ಮೂರನೆಯ ಹಾಡಿನ ನಡುವೆ ಕರೆಂಟು ಹೋಯಿತು. ತಟ್ಟೆ ನಿಧಾನವಾಗುತ್ತ ಬಂದಂತೆ, ಹದಿಹರೆಯದ ಹುಡುಗನಂತೆ ಹಾಡುತ್ತಿದ್ದವನ ದನಿ ಇಳಿದಿಳಿದು, ಬಯಲಾಟದ ರಾಕ್ಷಸ ರಂಗಕ್ಕೆ ಬರುವಾಗಿನ ಆರ್ಭಟದಂತಾಗಿ, ಪಾತಾಳ ಸೇರಿತು.

ಅಡುಗೆಮನೆಯಿಂದ ಅವ್ವನ ದನಿ ಬಂತು: ‘ಹಾಂ, ಈಗ ಛಲೋ ಹಾಡಿದ ನೋಡು.’