ಇದು ಯಾರ ಕೈಯಿಂದ ಬಂತು?

ಅಕ್ಕನ ಮಗಳು ಬಿ.ಕಾಂ. ಮುಗಿಸಿದ್ದಾಳೆ. ಹೋದ ತಿಂಗಳು ಊಟಕ್ಕೆ ಕೂತಾಗ, "ಮಾಮಾ, ಫೊರೆನ್ಸಿಕ್ ಅಕೌಂಟಿಂಗ್ ಮಾಡ್ಬೇಕು ಅಂತಿದೀನಿ. ಮೊದ್ಲು ಪೈಥಾನ್ ಕಲೀಲೋ, ಪವರ್ ಬಿಐ ಕಲೀಲೋ?" ಅಂದಳು. ಫೊರೆನ್ಸಿಕ್ ಅಕೌಂಟಿಂಗ್ ಅಂದರೆ ಲೆಕ್ಕದೊಳಗಿನ ವಂಚನೆ ಹಿಡಿಯುವ ಕೆಲಸ; ಪೈಥಾನ್, ಪವರ್ ಬಿಐ ಡೇಟಾ ಜಾಲಾಡುವ ಕಂಪ್ಯೂಟರ್ ಸಾಧನಗಳು. ಅವಳ ಫೋನಿನಲ್ಲಿ ಯಾವುದೋ ಆನ್‌ಲೈನ್ ಕೋರ್ಸಿನ ಜಾಹೀರಾತು. ಭೂತಗನ್ನಡಿ ಹಿಡಿದ ಸೂಟುಧಾರಿ, ಅವನ ಬೆನ್ನ ಹಿಂದೆ ನೀಲಿ ಅಂಕಿಗಳ ಮಳೆ. ಹದಿನೆಂಟು ವರ್ಷದಿಂದ ಆಡಿಟ್ ಮಾಡ್ತಿದ್ದೀನಿ, ಒಂದು ದಿನವೂ ಭೂತಗನ್ನಡಿ ಹಿಡಿದವನಲ್ಲ. ಕೈಗೆ ಸಿಕ್ಕಿದ್ದೆಲ್ಲ ವೋಚರ್ ಫೈಲು, ಅದರ ಧೂಳಿಗೆ ಸೀನು.

"ನಿಮ್ಮಜ್ಜ ಹೆಂಗೆ ಲೆಕ್ಕ ತಾಳೆ ನೋಡ್ತಿದ್ರು ಗೊತ್ತೇನೇ?" ಅಂದೆ. ಗೊತ್ತಿರಲಿಲ್ಲ.

ಅಪ್ಪಾಜಿ ದಾವಣಗೆರೆ ಎಪಿಎಂಸಿಯ ಒಂದು ಅಡತಿ (ದಲ್ಲಾಳಿ) ಅಂಗಡಿಯಲ್ಲಿ ದಿವಾನಜಿ, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದರು. ಮೆಕ್ಕೆಜೋಳದ ಸೀಸನ್ನಿನಲ್ಲಿ ಮನೆಗೆ ಬರುವಾಗ ರಾತ್ರಿ ಹತ್ತಾಗುತ್ತಿತ್ತು. ಸಂಜೆ ದಿನದ ಲೆಕ್ಕದ ಕಿರ್ದಿ ಮುಚ್ಚುವ ಮೊದಲು ಹಮಾಲರ ಮೇಸ್ತ್ರಿಯನ್ನು ಕರೆದು, "ಇವತ್ತು ಎಷ್ಟು ಚೀಲ ಇಳಿಸಿದ್ರಪ್ಪಾ?" ಅಂತ ಕೇಳುತ್ತಿದ್ದರು. ಗೋಡೌನಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಐದೈದರ ಗೀಟು ಎಳೆದಿರುತ್ತಿತ್ತು. ಮೇಸ್ತ್ರಿ ಅದನ್ನು ಎಣಿಸಿ ಹೇಳುತ್ತಿದ್ದ. ಹಮಾಲರ ಕೂಲಿ ಚೀಲಕ್ಕಿಷ್ಟು ಅಂತ. ಇಳಿಸಿದ ಒಂದು ಚೀಲವನ್ನೂ ಅವರು ಲೆಕ್ಕದಿಂದ ಬಿಡುವವರಲ್ಲ, ಇಳಿಸದ ಚೀಲಕ್ಕೆ ಸಾಹುಕಾರ ಒಂದು ಪೈಸೆ ಬಿಚ್ಚುವವನಲ್ಲ. ಹಾಗಾಗಿ ಆ ಗೀಟಿನ ಲೆಕ್ಕವನ್ನು ತೂಕದ ಪುಸ್ತಕದ ಎದುರಿಗಿಟ್ಟು ನೋಡಿದರೆ, ನಡುವೆ ಎಲ್ಲಿ ಚೀಲ ಕಾಣೆಯಾಗಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತಿತ್ತು. ಅಪ್ಪಾಜಿ ಓದಿದ್ದು ಏಳನೇ ಕ್ಲಾಸು.

ನಾನು ಈ ವೃತ್ತಿಯಲ್ಲಿ ಕಲಿತದ್ದರ ಸಾರವೂ ಇಷ್ಟೇ. ಒಂದೇ ಪುಸ್ತಕವನ್ನು ಎಷ್ಟು ಅರೆದರೂ ಕಳ್ಳ ಸಿಗುವುದು ಕಷ್ಟ, ಯಾಕೆಂದರೆ ಆ ಪುಸ್ತಕವನ್ನು ತಿದ್ದಿ ತೀಡಿ ಇಟ್ಟವನೇ ಅವನು. ಬೇರೆ ಲಾಭ ನಷ್ಟ ಇರುವ ಇನ್ನೊಬ್ಬ ಬರೆದ ಎರಡನೇ ಪುಸ್ತಕ ಬೇಕು. ಡೇಟಾ ಅನಲಿಟಿಕ್ಸ್ ಈ ಹೋಲಿಕೆಯನ್ನು ಲಕ್ಷಗಟ್ಟಲೆ ಸಾಲುಗಳಲ್ಲಿ ಅರೆಗಳಿಗೆಯಲ್ಲಿ ಮಾಡಿಕೊಡುತ್ತದೆ. ಎರಡನೇ ಪುಸ್ತಕ ಎಲ್ಲಿದೆ ಅಂತ ಮಾತ್ರ ಅದಕ್ಕೆ ಗೊತ್ತಿಲ್ಲ.

1996ರಲ್ಲಿ ಬಯಲಾದ ಬಿಹಾರದ ಮೇವು ಹಗರಣ ನೆನಪಿರಬೇಕಲ್ಲ? ದನ, ಮೇವು ಸಾಗಿಸಿದ ಗಾಡಿಗಳೆಂದು ಬಿಲ್ಲಿನಲ್ಲಿ ನಮೂದಿಸಿದ್ದ ನಂಬರುಗಳನ್ನು ಸಾರಿಗೆ ಇಲಾಖೆಯ ದಾಖಲೆ ಜೊತೆ ತಾಳೆ ನೋಡಿದರೆ, ಕೆಲವು ಸ್ಕೂಟರಿನವು! ಸ್ಕೂಟರಿನ ಮೇಲೆ ಎಮ್ಮೆ. ಇದಕ್ಕೆ ಪೈಥಾನೂ ಬೇಕಾಗಲಿಲ್ಲ, ಪವರ್ ಬಿಐ ಕೂಡ ಬೇಕಾಗಲಿಲ್ಲ. ಇವತ್ತಾದರೆ ಸರಕು ಸಾಗಣೆಯ ಇ-ವೇ ಬಿಲ್ಲಿನ ಪಕ್ಕ ಟೋಲಿನ ಫಾಸ್ಟ್ಯಾಗ್ ದಾಖಲೆ ಇಟ್ಟು ನೋಡಬಹುದು. ವ್ಯಾಟ್ ಕಾಲದಲ್ಲೇ ಇದೇ ಥರದ ಇ-ಸುಗಮ್ ಕಂಡ ನಮ್ಮ ವರ್ತಕರಿಗೆ ಇದೇನೂ ಹೊಸ ತಲೆನೋವಲ್ಲ ಬಿಡಿ.

2018ರ ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣವನ್ನು ಪ್ರತಿ ಕೋರ್ಸಿನಲ್ಲೂ ಹೇಳುತ್ತಾರೆ. 13,000 ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತ, ನೀರವ್ ಮೋದಿ, ವಜ್ರ, ಲಂಡನ್ ಎಲ್ಲ ಬರುತ್ತದೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಮುಂಬೈನ ಬ್ರ್ಯಾಡಿ ಹೌಸ್ ಶಾಖೆಯಿಂದ ಹೊರಗಿನ ಬ್ಯಾಂಕುಗಳಿಗೆ ಸ್ವಿಫ್ಟ್ ಎಂಬ ಬ್ಯಾಂಕುಗಳ ಸಂದೇಶ ಜಾಲದ ಮೂಲಕ, ಇವರ ಸಾಲಕ್ಕೆ ನಾವು ಹೊಣೆ ಎನ್ನುವ ಖಾತರಿ ಸಂದೇಶಗಳು ಹೋಗುತ್ತಿದ್ದವು, ಆದರೆ ಬ್ಯಾಂಕಿನ ಒಳಗಿನ ಲೆಕ್ಕವಾದ ಸಿಬಿಎಸ್‌ನಲ್ಲಿ ಅವುಗಳ ನಮೂದೇ ಇರಲಿಲ್ಲ. ಎರಡಕ್ಕೂ ಕೊಂಡಿ ಇರಲಿಲ್ಲ. ಸಿಬಿಎಸ್ ಡೇಟಾದ ಮೇಲೆ ಜಗತ್ತಿನ ಅತಿ ಬುದ್ಧಿವಂತ ಸಾಫ್ಟ್‌ವೇರ್ ಓಡಿಸಿದ್ದರೂ ಎಲ್ಲ ಹಸಿರು ದೀಪವೇ, ಕಳವಾದ ಮಾಲು ಆ ಡೇಟಾದೊಳಗೆ ಇದ್ದರೆ ತಾನೇ? ಕೊನೆಗೆ ಹಗರಣ ಹೊರಬಿದ್ದದ್ದು ಹೇಗೆ? ಆ ಸಂದೇಶ ಕಳಿಸುತ್ತಿದ್ದ ಅಧಿಕಾರಿ ನಿವೃತ್ತನಾದ ಮೇಲೆ ನೀರವ್ ಮೋದಿಯ ಕಂಪನಿಯವರು ಮತ್ತೆ ಖಾತರಿ ಕೇಳಿಕೊಂಡು ಬಂದರು. ಪೂರ್ತಿ ಮೊತ್ತಕ್ಕೆ ಮಾರ್ಜಿನ್, ಅಂದರೆ ಭದ್ರತೆಯ ಹಣ, ಇಡಿ ಎಂದಿತು ಬ್ಯಾಂಕು. "ಹಿಂದೆಲ್ಲ ಹಾಗೆ ಕೇಳ್ತಿರಲಿಲ್ಲವಲ್ಲ" ಅನ್ನುವ ಉತ್ತರ ಬಂತು. ಹಿಂದೆ ಎಂದರೆ ಯಾವಾಗ ಅಂತ ಹುಡುಕಿದರೆ ಲೆಕ್ಕದಲ್ಲಿ ಏನೂ ಇಲ್ಲ. ಆಮೇಲೆ ಆರ್‌ಬಿಐ ಸ್ವಿಫ್ಟ್ ಮತ್ತು ಸಿಬಿಎಸ್ ಎರಡನ್ನೂ ಜೋಡಿಸಿ ಎಂದು ಎಲ್ಲ ಬ್ಯಾಂಕುಗಳಿಗೂ ಗಡುವು ಕೊಟ್ಟಿತು.

ಮರುವರ್ಷ ಮುಂಬೈನ ಪಿಎಂಸಿ ಸಹಕಾರ ಬ್ಯಾಂಕು. ಒಂದೇ ಬಿಲ್ಡರ್ ಗುಂಪಿಗೆ ಕೊಟ್ಟ ಸಾಲವನ್ನು ಮರೆಮಾಚಲು ಆರ್‌ಬಿಐಗೆ ತೋರಿಸುವ ಪಟ್ಟಿಯಲ್ಲಿ 21,049 ಸುಳ್ಳು ಸಾಲದ ಖಾತೆಗಳನ್ನು ಸೇರಿಸಿದ್ದರು ಎನ್ನುವುದು ದೂರು. ಬ್ಯಾಂಕಿನ ಕಂಪ್ಯೂಟರಿನಲ್ಲಿ ಆ ಖಾತೆಗಳು ಇರಲೇ ಇಲ್ಲವಂತೆ. ಇದನ್ನು ಹಿಡಿಯಲು ಎಐ ಯಾಕೆ, ಎಕ್ಸೆಲ್‌ನ ಪಟ್ಟಿ ತಾಳೆ ನೋಡುವ ಸೂತ್ರ ವಿಲುಕಪ್ ಸಾಕಿತ್ತು. ಎರಡು ಪಟ್ಟಿಯನ್ನೂ ಒಬ್ಬರೇ ಕೈಗೆತ್ತಿಕೊಳ್ಳಬೇಕಿತ್ತು, ಅಷ್ಟೇ. ಕೆಲವೇ ತಿಂಗಳಲ್ಲಿ, 2020ರ ಜನವರಿಯಲ್ಲಿ, ನಮ್ಮ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ 35,000 ರೂಪಾಯಿಗಿಂತ ಹೆಚ್ಚು ತೆಗೆಯುವ ಹಾಗಿಲ್ಲ ಎಂಬ ಆರ್‌ಬಿಐ ನಿರ್ಬಂಧ ಬಂತು. ನಿವೃತ್ತಿಯ ದುಡ್ಡು ಇಟ್ಟಿದ್ದ ಹಿರಿಯರು ಪಾಸ್‌ಬುಕ್ ಹಿಡಿದು ನಿಂತ ಚಿತ್ರ ಆಗ ಎಲ್ಲ ಪೇಪರಿನಲ್ಲೂ.

ಇಷ್ಟೆಲ್ಲ ಬೇರೆಯವರ ಬಗ್ಗೆ ಹೇಳಿದೆ. ನನ್ನದೂ ಒಂದಿದೆ.

ಸಿಎ ಓದಿನ ಭಾಗವಾದ ತರಬೇತಿ, ಆರ್ಟಿಕಲ್‌ಶಿಪ್, ಮಾಡುವಾಗ ಒಂದು ಕಂಪನಿಯ ಆಡಿಟ್‌ಗೆ ಹೋಗಿದ್ದೆ. ಹೆಸರು ಬೇಡ. ಕ್ಯಾಷಿಯರ್ ಬಹಳ ಒಳ್ಳೆಯ ಮನುಷ್ಯ, ಬೆಳಗ್ಗೆ ಮಂಡಕ್ಕಿ ಮೆಣಸಿನಕಾಯಿ ತರಿಸುತ್ತಿದ್ದರು. ಬ್ಯಾಂಕ್ ಬ್ಯಾಲೆನ್ಸ್ ಸರ್ಟಿಫಿಕೇಟ್ ಬೇಕು ಅಂದಿದ್ದಕ್ಕೆ, "ನಾನೇ ತಂದುಕೊಡ್ತೀನಿ ಸರ್, ನೀವ್ಯಾಕೆ ಬಿಸಿಲಲ್ಲಿ ಹೋಗ್ತೀರಿ" ಅಂತ ಮಧ್ಯಾಹ್ನ ತಂದೇ ಕೊಟ್ಟರು. ಸೀಲು, ಸಹಿ, ಪುಸ್ತಕದ ಜೊತೆ ಪೈಸೆ ಪೈಸೆ ತಾಳೆ. ಖುಷಿಯಿಂದ ಟಿಕ್ ಹಾಕಿದೆ. ಸಂಜೆ ಸೀನಿಯರ್ ಫೈಲು ತಿರುವಿದರು. ಆ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಒಂದೇ ಪ್ರಶ್ನೆ: "ಇದು ಯಾರ ಕೈಯಿಂದ ಬಂತು?"

ಮರುದಿನ ಬಿಸಿಲಲ್ಲಿ ನಾನೇ ಬ್ಯಾಂಕಿಗೆ ಹೋದೆ. ಅಲ್ಲಿದ್ದ ಮೊತ್ತ ಬೇರೆ. ಮುಂದಿನದು ಉದ್ದದ ಕತೆ, ಇಲ್ಲಿ ಬೇಡ. ಮಂಡಕ್ಕಿ ತಿಂದ ಬಾಯಿಗೆ ಬಹಳ ದಿನ ರುಚಿ ಹತ್ತಲಿಲ್ಲ.

ಇದಾಗಿ ಕೆಲವು ತಿಂಗಳಿಗೆ, 2009ರ ಜನವರಿ 7ರಂದು, ಹೈದರಾಬಾದಿನ ಐಟಿ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಬರೆದ ತಪ್ಪೊಪ್ಪಿಗೆ ಪತ್ರ ಹೊರಬಂತು. ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ. ಆಫೀಸಿನಲ್ಲಿ ಎಲ್ಲರೂ ಟಿವಿ ಮುಂದೆ ನಿಂತಿದ್ದರೆ, ನನ್ನ ಕಣ್ಣಿಗೆ ಕಟ್ಟಿದ್ದು ಆ ಎರಡು ಬೆರಳು.

ಹಾಗಂತ ಸಾಫ್ಟ್‌ವೇರ್ ಕಲಿಯಬೇಡಿ ಅನ್ನುತ್ತಿಲ್ಲ. ನಾನೇ ಡೇಟಾ ಹುಡುಕುವ ಸೀಕ್ವೆಲ್ (SQL) ಇಲ್ಲದೆ ಒಂದು ವಾರ ಇರಲಾರೆ. ಒಬ್ಬ ಸರಬರಾಜುದಾರನ ಬ್ಯಾಂಕ್ ಖಾತೆ ನಂಬರೂ ಖರೀದಿ ವಿಭಾಗದ ನೌಕರನ ಸಂಬಳದ ಖಾತೆ ನಂಬರೂ ಒಂದೇ ಅಂತ ಕಣ್ಣಿನಲ್ಲಿ ಹುಡುಕಿ ಹಿಡಿಯಲು ಆಯುಸ್ಸು ಸಾಲದು. 50,000ದವರೆಗೆ ಮ್ಯಾನೇಜರ್ ಸಹಿ ಸಾಕು ಎನ್ನುವ ಕಡೆ 49,500ರ ಬಿಲ್ಲುಗಳು ಸಾಲುಗಟ್ಟಿದ್ದರೆ ಅದೂ ಗ್ರಾಫಿನಲ್ಲಿ ತಕ್ಷಣ ಎದ್ದು ಕಾಣುತ್ತದೆ.

ಆದರೆ ಬೆನ್‌ಫೋರ್ಡ್ ನಿಯಮದ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ಸಹಜವಾಗಿ ಹುಟ್ಟುವ ಮೊತ್ತಗಳಲ್ಲಿ ನೂರಕ್ಕೆ ಸುಮಾರು 30 ಒಂದರಿಂದ ಶುರುವಾಗುತ್ತವೆ, ಒಂಬತ್ತರಿಂದ ಶುರುವಾಗುವುದು ಐದಕ್ಕೂ ಕಡಿಮೆ. 1881ರಲ್ಲೇ ನ್ಯೂಕೂಂಬ್ ಎಂಬ ಖಗೋಳ ವಿಜ್ಞಾನಿ ಲಾಗ್ ಟೇಬಲ್ ಪುಸ್ತಕದ ಮೊದಲ ಹಾಳೆಗಳೇ ಹೆಚ್ಚು ಸವೆದಿರುವುದು ನೋಡಿ ಇದನ್ನು ಗುರುತಿಸಿದ್ದ. ಕೈಯಾರೆ ಹುಟ್ಟಿಸಿದ ಸುಳ್ಳು ಮೊತ್ತಗಳಲ್ಲಿ ಈ ಪ್ರಮಾಣ ತಪ್ಪಬಹುದು ಅಂತ ಆಡಿಟಿನಲ್ಲಿ ಇದನ್ನು ಬಳಸುತ್ತಾರೆ. ಚಂದದ ವಿಷಯವೇ. ನಮ್ಮ ಆಫೀಸಿಗೆ ಟ್ರೈನಿಯಾಗಿ ಬಂದ ಹುಡುಗನೊಬ್ಬ ಒಂದು ಸಾರಿಗೆ ಕಂಪನಿಯ ಖರ್ಚಿನ ಮೇಲೆ ಇದನ್ನು ಓಡಿಸಿ, "ಸರ್, ನಾಲ್ಕು ಸಿಕ್ಕಾಪಟ್ಟೆ ಜಾಸ್ತಿ ಇದೆ, ದೊಡ್ಡ ಫ್ರಾಡ್!" ಅಂತ ಓಡಿ ಬಂದ. ನೋಡಿದರೆ ಡ್ರೈವರುಗಳ ದಿನದ ಬಾಟಾ (ಭತ್ಯೆ) 450 ರೂಪಾಯಿ! ಯಾವ ಡ್ರೈವರನ್ನು ಕೇಳಿದ್ದರೂ ಹೇಳುತ್ತಿದ್ದ.

ಹೆಸರು ಹೋಲಿಸುವ ಸಾಫ್ಟ್‌ವೇರಿನ ಪಾಡೂ ಅದೇ. ಗೌಡ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಮಂಡ್ಯದ ಕಡೆಯವರು ಡಬ್ಲ್ಯೂ ಹಾಕುತ್ತಾರೆ, ಗದಗಿನ ಕಡೆಯವರು ಯು. ಒಬ್ಬನೇ ಮಂಜುನಾಥ ಆಧಾರಿನಲ್ಲಿ ಇನಿಶಿಯಲ್ ಹಿಂದೆ, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಬುಕ್ಕಿನಲ್ಲಿ ಊರಿನ ಹೆಸರು ಮುಂದೆ. ಹೊರದೇಶದ ಸಾಫ್ಟ್‌ವೇರ್ ಇವನನ್ನು ಮೂವರು ಅನ್ನುತ್ತದೆ, ನಿಜವಾದ ಮೂವರು ಮಂಜುನಾಥರನ್ನು ಒಬ್ಬನೇ ಅನ್ನುತ್ತದೆ. ಇದನ್ನು ತಿದ್ದಲು ನಮ್ಮ ಕಡೆಯ ಹೆಸರುಗಳ ಪರಿಚಯ ಇರುವವರೇ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಕೀಳರಿಮೆ ಬಿಟ್ಟು ಈ ಕೆಲಸಕ್ಕೆ ಬರಲಿ ಅಂತ ನಾನು ಹೇಳುವುದು ಇದಕ್ಕೇ.

ಓದಲು ದಾರಿಗಳಿವೆ. ಸಿಎ ಆದವರಿಗೆ ಇನ್‌ಸ್ಟಿಟ್ಯೂಟಿನದೇ ಸರ್ಟಿಫಿಕೇಟ್ ಕೋರ್ಸ್ ಇದೆ, ವಂಚನೆ ಪತ್ತೆ ಮಾಡುವವರ ಅಮೆರಿಕದ ಸಂಸ್ಥೆ ಎಸಿಎಫ್‌ಇ ನಡೆಸುವ ಸಿಎಫ್‌ಇ ಪರೀಕ್ಷೆ ಇದೆ, ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಈಗ ಧಾರವಾಡಕ್ಕೂ ಬಂದಿದೆ. ಎಲ್ಲಿ ಸೇರಿದರೂ ಎರಡು ವಿಷಯ ಕಲಿಸುತ್ತಾರಾ ವಿಚಾರಿಸಿ. ಒಂದು, ಕಂಪ್ಯೂಟರ್ ದಾಖಲೆಯನ್ನು ಕೋರ್ಟಿನಲ್ಲಿ ನಿಲ್ಲಿಸುವುದು ಹೇಗೆ ಅಂತ. 2024ರ ಜುಲೈನಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಬೆರಳಚ್ಚಿನಂತಿರುವ ಹ್ಯಾಷ್ ಮೌಲ್ಯ ಬರೆಯಬೇಕು. ಅದಿಲ್ಲದೆ ನಿಮ್ಮ ಬಣ್ಣದ ಗ್ರಾಫು ಗೋಡೆಗೆ ಅಂಟಿಸಲು ಮಾತ್ರ ಲಾಯಕ್ಕು. ಇನ್ನೊಂದು, ಮನುಷ್ಯರ ಜೊತೆ ಮಾತಾಡುವುದು. ಆ ಅಮೆರಿಕದ ಸಂಸ್ಥೆಯ ಸಮೀಕ್ಷೆಗಳೇ ಹೇಳುವ ಪ್ರಕಾರ ನೂರಕ್ಕೆ 40ಕ್ಕೂ ಹೆಚ್ಚು ವಂಚನೆಗಳು ಬಯಲಾಗುವುದು ಯಾರೋ ಕೊಟ್ಟ ಸುಳಿವಿನಿಂದ.

ಅಕ್ಕನ ಮಗಳನ್ನು ಒಂದು ವಾರ ಅಪ್ಪಾಜಿಯ ಪರಿಚಯದವರ ಅಂಗಡಿಗೆ ಕಳಿಸಿದೆ. ಮೊದಲೆರಡು ದಿನ ಮೆಕ್ಕೆಜೋಳದ ಧೂಳು, ಕೆಮ್ಮು ಅಂತ ಗೊಣಗಿದಳು. ನಿನ್ನೆ ಸಂಜೆ ಫೋನು.

"ಮಾಮಾ, ಹಮಾಲರ ಲೆಕ್ಕ 212, ತೂಕದ ಪುಸ್ತಕದಲ್ಲಿ 209. ಮೂರು ಚೀಲ ಸಿಕ್ತು!"

"ಎಲ್ಲಿ ಹೋದ್ವಂತೆ?"

"ನೆಂದಿದ್ವಂತೆ. ರೈತ ವಾಪಸ್ ತಗೊಂಡು ಹೋದ್ನಂತೆ."

"ಅಂತೆ ಅಂದ್ರೆ? ಯಾರು ಹೇಳಿದ್ರು?"

"ಅಂಗಡಿ ದಿವಾನಜಿ."

"ತೂಕದ ಪುಸ್ತಕ ಬರೆಯೋದು ಯಾರು?"

ಆ ಕಡೆ ಒಂದು ಕ್ಷಣ ಮಾತಿಲ್ಲ. "ಅವ್ರೇ... ತಡಿ ಮಾಮಾ, ಆ ರೈತನ ನಂಬರ್ ಇಸ್ಕೊಂಡು ಮಾಡ್ತೀನಿ" ಅಂತ ಇಟ್ಟಳು.